ದುಡ್ಡು ಕೊಟ್ಟು ಕೀಟಾಣು ಕೊಂಡ ಬ್ಲೀಚಮ್ಮ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ದುಡಿಯುತ್ತಿರುವವರು. ನರ್ಸುಗಳು ಅವರಿಗಿಟ್ಟ ಹೆಸರು ಬ್ಲೀಚಮ್ಮ. ಎದುರಿಗೇ ಹಾಗೆ ಕರೆಯುತ್ತಾರೆ, ಅತ್ತೆ ‘ಏನ್ರೇ?’ ಎಂದು ಓಗೊಡುತ್ತಾರೆ. ಬಿಳಿ ಎಂದರೆ ನಮಗೆಲ್ಲ ಒಂದೇ ಬಿಳಿ. ಅತ್ತೆಯ ಲೆಕ್ಕದಲ್ಲಿ ಹನ್ನೆರಡು. ಕೀಟಾಣು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ತೋಳೇರಿಸಿಕೊಂಡು ಎದ್ದು ನಿಲ್ಲುತ್ತಾರೆ. ಅಂಥವರು ಒಂದು ದಿನ ಅಂಗಡಿಗೆ ಹೋಗಿ, ದುಡ್ಡು ಕೊಟ್ಟು, ಬಾಟಲಿ ತುಂಬ ಕೀಟಾಣು ಕೊಂಡು ತಂದರು. ನಾನು ಅವರ ಮನೆಯ ಮಹಡಿಯ ಮೇಲೆಯೇ ಇರುವವಳು, ಇದೆಲ್ಲ ಕಣ್ಣಾರೆ ಕಂಡದ್ದು.

ಅತ್ತೆಯ ಗಂಡ, ನಮ್ಮ ಮಾವ, ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಅತ್ತೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಅವರೂ ದಪ್ಪಯ್ಯನೂ ಇಬ್ಬರೇ. ದಪ್ಪಯ್ಯ ಎಂದರೆ ಒಂಬತ್ತು ವರ್ಷದ ಗೋಲ್ಡ್ ಫಿಶ್, ಮುಷ್ಟಿಯಷ್ಟು ದೊಡ್ಡದು. ಮಾವ ಗಾಜಿನ ತೊಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು ಅದಕ್ಕೆ ಪೇಪರ್ ಓದಿ ಹೇಳುತ್ತಾರೆ. ಅಪಘಾತದ ಸುದ್ದಿಯಿದ್ದರೆ ತಪ್ಪು ಯಾರದೆಂದು ತೀರ್ಪನ್ನೂ ಕೊಡುತ್ತಾರೆ. ನಕ್ಕವರು ನಕ್ಕರು, ಮಾವ ತಲೆ ಕೆಡಿಸಿಕೊಂಡವರಲ್ಲ.

ಒಂದು ಭಾನುವಾರ ಬೆಳಿಗ್ಗೆ ತೊಟ್ಟಿಯ ಮೂಲೆ ಬಿರುಕು ಬಿಟ್ಟು ನೀರು ಸೋರತೊಡಗಿತು. ದಪ್ಪಯ್ಯನನ್ನು ನೀಲಿ ಪ್ಲಾಸ್ಟಿಕ್ ಟಬ್ಬಿಗೆ ಬಿಟ್ಟು ಮಾವ ಹೊಸ ತೊಟ್ಟಿ ತರಲು ಓಡಿದರು. ಅವರು ಹೋಗಿ ಬರುವಷ್ಟರಲ್ಲಿ ಅತ್ತೆಗೆ ಎರಡು ಗಂಟೆ ಸಿಕ್ಕಿತು. ಒಂಬತ್ತು ವರ್ಷ ‘ಅದನ್ನ ಮುಟ್ಟಬೇಡ’ ಎಂದು ಮಾವ ಕಾದುಕೊಂಡಿದ್ದ ಫಿಲ್ಟರಿನ ಸ್ಪಂಜು, ಕಪ್ಪು ಲೋಳೆ ಕಟ್ಟಿದ್ದು, ಕೈಗೆ ಸಿಕ್ಕಿತು. ಬಿಡುವುದುಂಟೆ! ಸ್ಪಂಜನ್ನೂ ತಳದ ಕಲ್ಲುಗಳನ್ನೂ ಸೋಪಿನ ನೀರಿನಲ್ಲಿ ಕುದಿಸಿದರು, ಬ್ಲೀಚಿನಲ್ಲಿ ನೆನೆಸಿದರು, ಮೂರು ನೀರಿನಲ್ಲಿ ಜಾಲಿಸಿ, ಸ್ಪಂಜನ್ನು ಕ್ಲಿಪ್ ಹಾಕಿ ತಂತಿಯ ಮೇಲೆ ಬಿಸಿಲಿಗೆ ತೂಗುಹಾಕಿದರು.

ಹೊಸ ತೊಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡು ಮೀನಂಗಡಿಯವರೂ ಮಾವನ ಜೊತೆ ಬಂದಿದ್ದರು. ತಂತಿಯ ಮೇಲಿನ ಸ್ಪಂಜು ಕಂಡದ್ದೇ ಅವರ ಕಾಲು ಅಲ್ಲೇ ನಿಂತಿತು.

‘ಅಮ್ಮಾ, ಇದೇನಿದು?’

‘ಸ್ಪಂಜು. ಹೊಸದರ ಹಾಗಾಗಿದೆ ನೋಡಿ.’

‘ಇದರಲ್ಲಿ ಬ್ಯಾಕ್ಟೀರಿಯಾ ಇತ್ತಲ್ಲ?’

‘ಒಂದೂ ಉಳಿದಿಲ್ಲ!’ ಎಂದರು ಅತ್ತೆ ಹೆಮ್ಮೆಯಿಂದ.

ಅಂಗಡಿಯವರು ತೊಟ್ಟಿ ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ಬಿಡಿಸಿ ಹೇಳಿದರು. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ, ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಬಂದು ಅದನ್ನು ನೈಟ್ರೇಟ್ ಮಾಡಿದ ಮೇಲೆಯೇ ಮೀನು ತಡೆದುಕೊಳ್ಳುವಂಥ ನೀರು. ಈ ಎರಡೂ ಜಾತಿ ಸಂಸಾರ ಹೂಡಿದ್ದು ಅದೇ ಕಪ್ಪು ಲೋಳೆಯಲ್ಲಿ. ಹೊಸ ತೊಟ್ಟಿಯಲ್ಲಿ ಅವು ತಾವಾಗಿ ಬೆಳೆದುಕೊಳ್ಳಲು ತಿಂಗಳ ಮೇಲೆ ಬೇಕು.

‘ಅಲ್ಲೀವರೆಗೆ ಟಬ್ಬಲ್ಲೇ ಇರಲಿ ಬಿಡಿ. ದಿನಾ ನೀರು ಬದಲಾಯಿಸ್ತೀನಿ,’ ಎಂದರು ಅತ್ತೆ.

‘ಇಷ್ಟು ದೊಡ್ಡ ಮೀನು, ಇಷ್ಟು ವಯಸ್ಸು. ಎರಡು ಹೊತ್ತು ನೀರು ಬದಲಾಯಿಸಿದರೂ ಹದಿನೈದು ದಿನ ತಡೆದರೆ ಹೆಚ್ಚು. ನಮ್ಮ ಅಂಗಡಿಯ ಹಳೇ ಸ್ಪಂಜೇ ಕೊಡ್ತಿದ್ದೆ, ಆದರೆ ಈ ವಾರ ನಮ್ಮ ತೊಟ್ಟಿಗಳಿಗೆಲ್ಲ ಬಿಳಿಚುಕ್ಕೆ ರೋಗ. ಬಾಟಲಿ ಬ್ಯಾಕ್ಟೀರಿಯಾ ಇದೆ. ಕೆಲವರಿಗೆ ಕೆಲಸ ಮಾಡಿದೆ, ಕೆಲವರು ಮೋಸ ಅಂತ ಬೈದೂ ಹೋಗಿದ್ದಾರೆ.’

ಮಾವ ಬೈಯಲಿಲ್ಲ. ಬೈದಿದ್ದರೆ ಅತ್ತೆಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಟಬ್ಬಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಅವತ್ತಿನಿಂದ ಅತ್ತೆಯ ಜೊತೆ ಒಂದು ಮಾತಿಲ್ಲ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅತ್ತೆ ಇಂಥದ್ದು ಕಂಡಿರಲಿಲ್ಲ. ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡು, ‘ಅದು ಸತ್ತರೆ ನಾನೇ ಕೊಂದ ಹಾಗೆ ಕಣೇ. ಅವರು ಬಾಯಿ ಬಿಟ್ಟು ಹೇಳಲ್ಲ. ಆದರೆ ಸಾಯೋವರೆಗೆ ಮರೆಯಲ್ಲ,’ ಎಂದು ಅತ್ತರು. ನನಗೂ ಕಣ್ಣು ತುಂಬಿ ಬಂತು.

ಅತ್ತು ಕೂರುವ ಜೀವ ಅದಲ್ಲ. ಮರುದಿನವೇ ಬಾಟಲಿ ಬಂತು, ಹನಿ ಹಾಕಿ ನೀರು ಪರೀಕ್ಷಿಸುವ ಪೆಟ್ಟಿಗೆಯೂ ಬಂತು. ಹೊಸ ತೊಟ್ಟಿಗೆ ನಲ್ಲಿ ನೀರು ತುಂಬಿ, ಅದರ ಕ್ಲೋರಿನ್ ತೆಗೆಯುವ ಔಷಧಿ ಹಾಕಿ, ಬ್ಯಾಕ್ಟೀರಿಯಾದ ಊಟಕ್ಕೆಂದು ಲಾಂಡ್ರಿಯಲ್ಲಿ ಕಲೆ ತೆಗೆಯಲು ಬಳಸುವ ಅಮೋನಿಯದ ನಾಲ್ಕು ಹನಿ ಬಿಟ್ಟರು. ಪಕ್ಕದಲ್ಲಿ ಒಂದು ಬಕೆಟ್ಟಿಗೂ ಅದೇ ನೀರು, ಅಂಥದೇ ಸ್ಪಂಜು, ಅದಕ್ಕೆ ತಕ್ಕಷ್ಟು ಅಮೋನಿಯ. ಬಾಟಲಿ ಮಾತ್ರ ತೊಟ್ಟಿಗೆ.

‘ಬಕೆಟ್ ಯಾಕತ್ತೆ?’

‘ಹೊಸ ಸೋಪು ಬಂದರೆ ಅರ್ಧ ಚಾದರಕ್ಕೆ ಹಾಕಿ ಅರ್ಧ ಬಿಟ್ಟು ನೋಡ್ತೀವಿ. ಇಲ್ಲದಿದ್ದರೆ ಗೊತ್ತಾಗೋದು ಹೇಗೆ, ಸೋಪಿನ ಕೆಲಸವೋ ನೀರಿನ ಕೆಲಸವೋ ಅಂತ?’

ಪರೀಕ್ಷೆ ಸುಲಭ. ಗಾಜಿನ ನಳಿಗೆಯಲ್ಲಿ ನೀರು ಹಾಕಿ ಹನಿ ಬಿಟ್ಟರೆ, ಅಮೋನಿಯ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ಮೊದಲ ದಿನ ಹಸಿರು. ಎರಡನೆಯ ದಿನ ಹಸಿರು. ಐದನೆಯ ದಿನವೂ ತೊಟ್ಟಿಯ ನೀರು, ಬಕೆಟ್ಟಿನ ನೀರು, ಎರಡೂ ಒಂದೇ ಹಸಿರು! ಅಲ್ಲಿ ಟಬ್ಬಿನಲ್ಲಿ ದಪ್ಪಯ್ಯನ ರೆಕ್ಕೆಗಳ ಮೇಲೆ ಕೆಂಪು ಗೆರೆ ಮೂಡಿತ್ತು. ಮಾವ ಪೇಪರ್ ಓದುವುದನ್ನೂ ಬಿಟ್ಟರು.

ಅತ್ತೆ ಬಾಟಲಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದರು. ಮುಖ ಕಿವುಚಿದರು. ಅದೇ ಹೆಜ್ಜೆಯಲ್ಲಿ ಅಂಗಡಿಗೆ ನಡೆದರು, ನಾನು ಹಿಂದೆಯೇ ಓಡಿದೆ.

‘ಇದನ್ನ ಎಲ್ಲಿಟ್ಟಿದ್ರಿ?’

‘ಅಲ್ಲೇ, ಷೋಕೇಸಲ್ಲಿ,’ ಎಂದರು ಅಂಗಡಿಯವರು. ಷೋಕೇಸಿನ ಮೇಲೆ ಬಿಸಿಲು ಸುರಿಯುತ್ತಿತ್ತು.

‘ಇದು ಹೆಣದ ವಾಸನೆ ಸ್ವಾಮಿ. ಕೀಟಾಣು ಸಾಯಿಸೋದೇ ನನ್ನ ಕಸುಬು, ಸತ್ತದ್ದು ನನಗೆ ಗೊತ್ತಾಗಲ್ವಾ? ಜೀವ ಇರೋದು ಕೊಡಿ!’

ಅಂಗಡಿಯವರು ಪೆಚ್ಚಾಗಿ ನಕ್ಕು, ಹಿಂದಿನ ಕೋಣೆಯ ಫ್ರಿಜ್ಜಿನಿಂದ ಆ ವಾರವಷ್ಟೇ ಬಂದಿದ್ದ ಬಾಟಲಿ ತಂದುಕೊಟ್ಟರು. ಅತ್ತೆ ಅದನ್ನು ಊಟದ ಡಬ್ಬಿಯೊಳಗೆ ಐಸಿನ ನಡುವೆ ಇಟ್ಟು, ಎದೆಗವಚಿಕೊಂಡು ಮನೆಗೆ ತಂದರು. ಸ್ಪಂಜಿನ ಮೇಲೆಯೇ ಸುರಿದು, ‘ತಿನ್ನಿ ನನ್ನಪ್ಪಗಳಿರಾ, ಹೊಟ್ಟೆ ತುಂಬ ತಿನ್ನಿ,’ ಎಂದರು. ಇಪ್ಪತ್ತೊಂಬತ್ತು ವರ್ಷ ಯಾವುದನ್ನು ಕಂಡರೆ ಬೆನ್ನಟ್ಟಿ ಕೊಂದಿದ್ದರೋ ಅದಕ್ಕೆ ಕೈ ಮುಗಿಯುವುದೊಂದು ಬಾಕಿ.

ಮೂರನೆಯ ದಿನ ಬೆಳಿಗ್ಗೆ ‘ಬಾರೇ! ಬೇಗ ಬಾರೇ!’ ಎಂದು ಕೂಗಿದ್ದಕ್ಕೆ ಮೆಟ್ಟಿಲು ಜಾರಿಕೊಂಡೇ ಇಳಿದೆ. ನನ್ನ ಕಣ್ಣಿಗೆ ಎರಡು ನಳಿಗೆಯೂ ಹಸಿರೇ. ‘ಕಣ್ಣೇನು ಹಿತ್ತಲಲ್ಲಿಟ್ಟು ಬಂದಿದ್ದೀಯಾ? ಇದು ತೆಳುವಾಗಿದೆ ನೋಡು!’ ಎಂದರು. ನಾಲ್ಕನೆಯ ದಿನ ನನಗೂ ಕಂಡಿತು. ಐದನೆಯ ದಿನ ತೊಟ್ಟಿಯ ನೀರು ಅಪ್ಪಟ ಹಳದಿ, ಬಕೆಟ್ಟಿನದು ಹಸಿರೇ ಹಸಿರು. ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಲಾಂಡ್ರಿಯವರಿಗೆಲ್ಲ ಫೋನು ಹೋಯಿತು. ಆ ಬಕೆಟ್ಟೂ ತಾನಾಗಿಯೇ ಹಳದಿಗೆ ತಿರುಗಿತೆನ್ನಿ, ಆದರೆ ಐದನೆಯ ವಾರದಲ್ಲಿ. ದಪ್ಪಯ್ಯನ ಬಳಿ ಅಷ್ಟು ವಾರಗಳಿರಲಿಲ್ಲ.

ಇನ್ನು ಎರಡನೆಯ ವಿಷ. ನೈಟ್ರೈಟಿನ ಪರೀಕ್ಷೆಯಲ್ಲಿ ನೇರಳೆ ಬಂದರೆ ವಿಷ, ತಿಳಿನೀಲಿ ಬಂದರೆ ಶುದ್ಧ. ಬಂದದ್ದು ಕಡುನೇರಳೆ. ದಿನದಿನಕ್ಕೆ ತಿಳಿಯಾಗುತ್ತ ಬಂತು. ಅಷ್ಟರಲ್ಲಿ ದಪ್ಪಯ್ಯ ಟಬ್ಬಿಗೆ ಬಂದು ಹದಿಮೂರನೆಯ ದಿನವಾಯಿತು, ಒಂದು ಪಕ್ಕಕ್ಕೆ ವಾಲಿ ಬಾಯಿ ಬಿಡುತ್ತಿತ್ತು. ಬೆಳಿಗ್ಗೆ ಅಂಗಡಿಯವರೂ ಬಂದರು. ನಳಿಗೆ ನೋಡಿ, ‘ನೀಲಿ ಆಗಿದೆ, ಬಿಟ್ಟುಬಿಡಿ,’ ಎಂದರು. ನನಗೂ ನೀಲಿಯೇ ಕಂಡಿತು. ಅತ್ತೆ ನಳಿಗೆಯನ್ನು ಬಿಳಿ ಚಾದರದ ಮುಂದೆ ಹಿಡಿದು ತಿರುಗಿಸಿ ನೋಡಿದರು.

‘ಇಲ್ಲ. ಇನ್ನೂ ಒಂದೆಳೆ ನೇರಳೆ ಇದೆ.’

ಆಗ ಮಾವ ಬಾಯಿ ಬಿಟ್ಟರು. ‘ಅದು ಸಾಯ್ತಿದೆ.’

‘ಗೊತ್ತು. ಈಗ ಬಿಟ್ಟರೆ ಇಲ್ಲೇ ಸಾಯುತ್ತೆ. ಸಂಜೆವರೆಗೆ ಕಾಯಿರಿ,’ ಎಂದರು ಅತ್ತೆ. ಮಾವ ಅತ್ತೆಯ ಮುಖವನ್ನೇ ನೋಡಿದರು, ಆಮೇಲೆ ಟಬ್ಬಿನ ಅರ್ಧ ನೀರು ಬದಲಾಯಿಸಿದರು.

ಅತ್ತೆ ಅವತ್ತು ಕೆಲಸಕ್ಕೆ ರಜೆ ಹಾಕಿ ಗಂಟೆಗೊಮ್ಮೆ ಹನಿ ಬಿಟ್ಟರು. ಐದು ಗಂಟೆಗೆ ನಳಿಗೆಯನ್ನು ಚಾದರದ ಮುಂದೆ ಹಿಡಿದು, ‘ಈಗ,’ ಎಂದರು. ಮಾವ ಎರಡೂ ಕೈಯಲ್ಲಿ ದಪ್ಪಯ್ಯನನ್ನು ಎತ್ತಿ ಹೊಸ ತೊಟ್ಟಿಗೆ ಬಿಟ್ಟರು. ಅದು ತಳಕ್ಕಿಳಿದು ಅಲ್ಲೇ ಕೂತಿತು. ಕತ್ತಲಾಗುವವರೆಗೂ ಅಲುಗಲಿಲ್ಲ.

ಬೆಳಿಗ್ಗೆ ನಾನು ಕೆಳಗಿಳಿದಾಗ ದಪ್ಪಯ್ಯ ನೀರಿನ ಮೇಲ್ಗಡೆ ಬಂದು, ಗಾಜಿಗೆ ಮೂಗು ಒತ್ತಿ, ಬಾಯಿ ಪಚಪಚ ಮಾಡುತ್ತಿತ್ತು. ಅತ್ತೆ ಮತ್ತೆ ನಳಿಗೆ ಹಿಡಿದುಕೊಂಡು ಹನಿ ಎಣಿಸುತ್ತಿದ್ದರು.

‘ಅದನ್ನ ಇಡು. ಅದು ಊಟ ಕೇಳ್ತಿದೆ,’ ಎಂದರು ಮಾವ. ಒಂಬತ್ತು ವರ್ಷದಲ್ಲಿ ದಪ್ಪಯ್ಯನ ಊಟದ ಡಬ್ಬಿಯನ್ನು ಅವರು ನನಗಿರಲಿ, ಸ್ವಂತ ಮಗಳ ಕೈಗೂ ಕೊಟ್ಟವರಲ್ಲ. ಅದರ ಮುಚ್ಚಳ ತೆಗೆದು ಅತ್ತೆಯ ಮುಂದೆ ಹಿಡಿದರು. ‘ನೀನೇ ಹಾಕು.’

ಅತ್ತೆ ಕೈ ಚಾಚಿದವರು ಹಿಂದೆಳೆದುಕೊಂಡು ನಲ್ಲಿಯ ಕಡೆ ತಿರುಗಿದರು. ‘ತಡೀರಿ, ಸೋಪು ಹಾಕಿ ಕೈ ತೊಳಕೊಂಡು...’

ಮಾವ ಅವರ ಮುಂಗೈ ಹಿಡಿದುಕೊಂಡರು. ‘ಸೋಪು ಬೇಡ ಕಣೇ. ಹಾಗೇ ಹಾಕು, ಏನೂ ಆಗಲ್ಲ.’