ಮುಖ ಕೆರೆದ ನೆಗೆಟಿವ್

ಸ್ಟುಡಿಯೋ ಅಮ್ಮನ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ಬಲಗಣ್ಣಿಗೆ ಭೂತಗನ್ನಡಿ ಹಿಡಿದು, ಎಡಗಣ್ಣು ಮುಚ್ಚಿ, ಇಡೀ ದಿನ ನೆಗೆಟಿವ್ ಮೇಲೆ ಬಗ್ಗಿ ಕೂತು ಕೂತು ಆ ರೆಪ್ಪೆ ಅರ್ಧಕ್ಕೇ ನಿಂತುಬಿಟ್ಟಿತ್ತು. ಹೊಸಬರಿಗೆ ಅವರು ಕಣ್ಣು ಹೊಡೆದಂತೆ ಕಾಣುತ್ತಿತ್ತು. ಒಮ್ಮೆ ಉಬ್ರಾಣಿಯಿಂದ ಫೋಟೋ ತೆಗೆಸಲು ಬಂದ ಮುದುಕರೊಬ್ಬರು ಗಾಬರಿಬಿದ್ದು ಹೆಂಡತಿಯ ಹಿಂದೆ ಸರಿದು ನಿಂತರಂತೆ. ಅದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು.

ಚನ್ನಗಿರಿಯ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಅವರ ಯಜಮಾನರ ಸ್ಟುಡಿಯೋ ಇತ್ತು. ನಮ್ಮ ಮನೆ ಅದರ ಮಗ್ಗುಲಲ್ಲೇ. ಫೋಟೋ ತೆಗೆಯುವುದು ಯಜಮಾನರ ಕೆಲಸ, ಟಚಿಂಗ್ ಇವರದು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ಚುಕ್ಕೆ ಇಟ್ಟರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಬ್ಲೇಡಿನಿಂದ ಮೆಲ್ಲಗೆ ಕೆರೆದರೆ ಕಪ್ಪಾಗುತ್ತದೆ. ಸಂತೇಬೆನ್ನೂರಿನಿಂದ ಹೊನ್ನಾಳಿಯವರೆಗಿನ ಮೊಡವೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಅವರ ಪೆನ್ಸಿಲ್ ತುದಿಯಲ್ಲಿ ಮಾಯವಾಗುತ್ತಿದ್ದವು. ಈ ಸೀಮೆಯ ಅರ್ಧ ಮದುವೆಗಳು ನಡೆದದ್ದೇ ಆ ಹೆಣ್ಣುಮಗಳ ಕೃಪೆಯಿಂದ ಎಂದು ನಮ್ಮಪ್ಪ ತಮಾಷೆ ಮಾಡುತ್ತಿದ್ದರು.

ನನಗೂ ಗಂಡು ನೋಡಲು ಶುರುವಾದಾಗ ಅಲ್ಲಿಯೇ ಫೋಟೋ ತೆಗೆಸಿದೆವು. ನನ್ನ ಹಣೆಯ ಮೇಲೆ ಸಿಡುಬಿನ ಕುಳಿಯೊಂದಿದೆ. ಸ್ಟುಡಿಯೋ ಅಮ್ಮ ನೆಗೆಟಿವನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದರು.

"ಇದು ಇರಲೇನವ್ವ, ತೆಗೀಲೇನು?"

"ತೆಗೀರಿ, ತೆಗೀರಿ" ಎಂದಳು ನಮ್ಮವ್ವ, ನಾನು ಬಾಯಿ ಬಿಡುವ ಮುಂಚೆಯೇ.

"ನಿಮ್ಮನ್ನ ಕೇಳಲಿಲ್ಲ ಕಣ್ರೀ. ಮುಖ ಯಾರದೈತೋ ಅವರು ಹೇಳ್ಲಿ."

ಅಲ್ಲಿಯವರೆಗೆ ನನ್ನ ಮುಖದ ಬಗ್ಗೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಇರಲಿ ಎಂದೆ. ಕುಳಿ ಇದ್ದ ಆ ಫೋಟೋ ಹಿಡಿದು ನಮ್ಮ ಮನೆಗೆ ಬಂದ ಮನುಷ್ಯನ ಜೊತೆಗೇ ಇವತ್ತಿಗೂ ಜಗಳವಾಡಿಕೊಂಡು ಬದುಕಿದ್ದೇನೆ. ಆ ಒಂದು ಮಾತಿಗೆ ನಾನು ಅವರಿಗೆ ಸೋತುಹೋದೆ.

ಯಜಮಾನರು ತೀರಿಕೊಂಡ ಮೇಲೆ ಸ್ಟುಡಿಯೋ ಮುಚ್ಚಿತು. ಸ್ಟುಡಿಯೋ ಅಮ್ಮ ನ್ಯಾಮತಿಯಲ್ಲಿ ಮಗನ ಮನೆ ಸೇರಿದರು. ಮಗನದು ಅಲ್ಲಿ ಜೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಫ್ಲೆಕ್ಸ್ ಮಾಡಿಕೊಡುವ ಅಂಗಡಿ. ಅವನು ಕಂಪ್ಯೂಟರಿನಲ್ಲಿ ಮುಖಗಳನ್ನು ನುಣ್ಣಗೆ ಮಾಡುವುದನ್ನು ಅವರು ಮೂಲೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. "ಒಂದು ಒತ್ತಿಗೆ ಎಲ್ರೂ ಮೈದಾ ಹಿಟ್ಟಿನ ಗೊಂಬೆ ಆಗ್ತಾರೆ" ಎಂದು ಗೊಣಗುತ್ತಿದ್ದರು. ಮಗ ಕೇಳಿಸಿಕೊಳ್ಳುತ್ತಿರಲಿಲ್ಲ.

ನಾನು ಅಷ್ಟರಲ್ಲಿ ದಾವಣಗೆರೆಯ ಕಾಲೇಜೊಂದರಲ್ಲಿ ಕಲೆಯ ಇತಿಹಾಸ ಪಾಠ ಮಾಡುತ್ತಿದ್ದೆ. ವರ್ಷಕ್ಕೊಮ್ಮೆ ಬರುವ ಒಂದು ಪಾಠ ನನಗೆ ಪೀಕಲಾಟ. ಕ್ಯಾಮೆರಾ ಹುಟ್ಟಿ ಕಣ್ಣು ಬಿಡುವಷ್ಟರಲ್ಲೇ ಪ್ಯಾರಿಸ್ಸಿನಲ್ಲಿ ಬೆತ್ತಲೆ ಹೆಂಗಸರ ಚಿತ್ರಗಳು ಹೊರಟವು. ಅವಕ್ಕೆ 'ಕಲಾವಿದರ ಅಭ್ಯಾಸಕ್ಕೆ' ಎಂಬ ಹಣೆಪಟ್ಟಿ. ಮಾಡೆಲ್ ಇಟ್ಟುಕೊಳ್ಳಲು ಗತಿಯಿಲ್ಲದ ಚಿತ್ರಕಾರರು ಕೊಂಡರು, ಚಿತ್ರದ ಗಂಧಗಾಳಿ ಇಲ್ಲದವರೂ ಕೊಂಡರು. ಒಂದು ಚಿತ್ರ ಮೂಡಲು ಬಹಳ ಹೊತ್ತು ಅಲುಗಾಡದೆ ಇರಬೇಕಾಗಿದ್ದ ಕಾಲ ಅದು. ಆ ಹೆಂಗಸರು ಮಂಚಕ್ಕೆ, ಕಂಬಕ್ಕೆ ಒರಗಿರುವುದು ಬರೀ ವಯ್ಯಾರಕ್ಕಲ್ಲ ಎಂದರೆ ಹಿಂದಿನ ಬೆಂಚಿನ ಕಿಸಿಕಿಸಿ ನಗು ಸ್ವಲ್ಪ ಇಳಿಯುತ್ತಿತ್ತು. ಫೋಟೋ ತೆಗೆದ ಎಷ್ಟೋ ಗಂಡಸರ ಹೆಸರುಗಳು ಪುಸ್ತಕದಲ್ಲಿವೆ. ನಿಂತ ಹೆಂಗಸರು ಯಾರು ಎಂದು ಹುಡುಗಿಯರು ಕೇಳಿದರೆ ಗೊತ್ತಿಲ್ಲ ಎನ್ನುವುದು ಬಿಟ್ಟು ನನಗೆ ಬೇರೆ ದಾರಿ ಇರಲಿಲ್ಲ.

ನಮ್ಮ ಕಾಲೇಜಿನಲ್ಲಿ ಈ ಭಾಗದ ಹಳೆಯ ಸ್ಟುಡಿಯೋಗಳ ಫೋಟೋ ಪ್ರದರ್ಶನ ಮಾಡುವುದೆಂದಾಯಿತು. ಯಜಮಾನರ ಚಿತ್ರಗಳನ್ನು ಕೇಳಲು ನ್ಯಾಮತಿಗೆ ಹೋದೆ. ಕೆರೆ, ಸೂರ್ಯಾಸ್ತ, ಸಂತೆಯ ದನಗಳು ಎಲ್ಲ ಕೊಟ್ಟರು. ಮಾತಿನ ಮಧ್ಯೆ ನೀನು ಏನು ಪಾಠ ಮಾಡ್ತೀಯವ್ವ ಎಂದು ಕೇಳಿದರು. ಮುಚ್ಚಿಡುವುದೇಕೆಂದು ಮೊಬೈಲಿನಲ್ಲಿದ್ದ ಆ ಹಳೆಯ ಬೆತ್ತಲೆ ಚಿತ್ರಗಳನ್ನು ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಅಭ್ಯಾಸಬಲದಿಂದ ಎಡಗಣ್ಣು ಪೂರ್ತಿ ಮುಚ್ಚಿ ಒಂದೊಂದನ್ನೇ ನೋಡಿದರು.

"ಪಾಪ, ಚಳಿ ಆಗೈತೆ ಇವಳಿಗೆ. ಕಾಲ್ಬೆರಳು ನೋಡು, ಹೆಂಗೆ ಮಡಚ್ಕಂಡಾಳೆ."

ಇಷ್ಟು ವರ್ಷ ಆ ಚಿತ್ರದ ಬೆಳಕು, ನೆರಳು, ಭಂಗಿ ಎಲ್ಲ ವಿವರಿಸಿದ್ದ ನಾನು ಕಾಲ್ಬೆರಳಿಗೆ ಇಳಿದಿರಲಿಲ್ಲ. ಮುಂದಿನ ಚಿತ್ರದಲ್ಲಿ ಒಬ್ಬಳ ಮುಖವನ್ನು ಯಾರೋ ಕೆರೆದು ಕಪ್ಪು ಮಾಡಿದ್ದರು. ಅದರ ಮೇಲೆ ಅವರ ಬೆರಳು ನಿಂತಿತು.

"ಇದು ಆಕೀನೇ ಕೆರ್ದಿರದು."

"ಅದು ಹೇಗೆ ಹೇಳ್ತೀರಿ?"

"ಬೇರೆಯವರು ಆಗಿದ್ರೆ ಸಿಟ್ಟಿಗೆ ಎಲ್ಲಾನೂ ಕೆರ್ದು ಹಾಕ್ತಿದ್ರು. ಇಲ್ಲಿ ಓಲೆ ಬಿಟ್ಟಾಳೆ ನೋಡು."

ಅದು ಊಹೆಯೇ ಇರಬಹುದು. ಸರಿಯೋ ತಪ್ಪೋ ನನಗೆ ಇವತ್ತಿಗೂ ತಿಳಿಯದು. ಆದರೆ ಅವರು ಎದ್ದು ಹೋಗಿ, ಟ್ರಂಕಿನ ಸೀರೆಗಳ ಅಡಿಯಿಂದ ಒಂದು ದೊಡ್ಡ ಪ್ರಿಂಟ್ ತಂದು ನನ್ನ ತೊಡೆಯ ಮೇಲಿಟ್ಟರು. ಗಾಜಿನ ಹೆಂಚಿನಿಂದ ಇಳಿದ ಬಿಸಿಲು. ಅದರ ಕೆಳಗೆ ಬೆನ್ನು ತಿರುಗಿಸಿ ನಿಂತ ಒಬ್ಬ ಹರೆಯದ ಹೆಂಗಸು. ಮೈಮೇಲೆ ನೂಲೆಳೆ ಇಲ್ಲ. ಕತ್ತು ಸ್ವಲ್ಪ ಇತ್ತ ತಿರುಗಿದೆ, ಆದರೆ ಮುಖವಿರಬೇಕಾದಲ್ಲಿ ಬರೀ ಕತ್ತಲು. ಆ ಕತ್ತಲಿನ ಅಂಚಿನಲ್ಲಿ ಒಂದು ಓಲೆ ಮಿನುಗುತ್ತಿತ್ತು. ನಾನು ತಲೆ ಎತ್ತಿ ಅವರ ಕಿವಿ ನೋಡಿದೆ. ಅದೇ ಓಲೆ.

ಯಜಮಾನರು ಎಲ್ಲಿಂದಲೋ ತರಿಸಿದ ವಿಲಾಯಿತಿ ಫೋಟೋ ಪುಸ್ತಕದಲ್ಲಿ ಇಂಥ ಚಿತ್ರಗಳನ್ನು ನೋಡಿ ಹುಚ್ಚು ಹಿಡಿಸಿಕೊಂಡಿದ್ದರಂತೆ. ಚನ್ನಗಿರಿಯಲ್ಲಿ ನಿಲ್ಲುವವರು ಯಾರು? ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ ಹೆಂಡತಿಯನ್ನೇ ನಿಲ್ಲಿಸಿದರು.

"ಮೊದಲು ಅತ್ತುಬಿಟ್ಟೆ ಕಣವ್ವ. ಆಮೇಲೆ ಪ್ರಿಂಟ್ ಹಾಕಿ ತೋರಿಸಿದ್ರು. ನಾನು ಇಷ್ಟು ಚೆನ್ನಾಗಿದೀನಾ ಅನ್ನಿಸ್ತು. ದಿನಾ ಕದ್ದು ಕದ್ದು ನೋಡ್ತಿದ್ದೆ. ಸ್ಪರ್ಧೆಗೆ ಕಳಿಸ್ತೀನಿ, ಯಾರಾದ್ರೂ ಗುರುತು ಹಿಡಿದಾರು, ಮುಖ ತೆಗಿ ಅಂದ್ರು. ಟಚಿಂಗ್ ಮಾಡೋಳು ನಾನೇ ಅಲ್ವ? ಬ್ಲೇಡ್ ತಗಂಡು ಕೂತೆ. ಕಣ್ಣು ಕೆರ್ದೆ, ಮೂಗು ಕೆರ್ದೆ, ಬಾಯಿ ಕೆರ್ದೆ. ಓಲೆ ಮಾತ್ರ ಜಗಳೂರಿನ ನಮ್ಮವ್ವಂದು. ಅದನ್ನ ಕೆರಿಯಾಕೆ ಕೈ ಬರಲಿಲ್ಲ."

"ಇರಲಾ, ತೆಗೀಲಾ ಅಂತ ನಿಮ್ಮನ್ನ ಕೇಳಲಿಲ್ವಾ ಅವರು?"

"ನನ್ನನ್ನ ಯಾಕೆ ಕೇಳ್ತಾರೆ?" ಎಂದು ಅವರು ನನ್ನನ್ನೇ ಕೇಳಿದರು.

ಆ ಚಿತ್ರಕ್ಕೆ ಪದಕ ಬಂದಿತ್ತಂತೆ, ಯಜಮಾನರ ಹೆಸರಿಗೆ. ನಾವು ಮಕ್ಕಳಾಗಿದ್ದಾಗ ಸ್ಟುಡಿಯೋದ ಗೋಡೆಯಲ್ಲಿ ಆ ಪದಕವನ್ನು ನೋಡಿದ್ದೆವು. ಕೆರೆಯ ಸೂರ್ಯಾಸ್ತಕ್ಕೆ ಬಂದದ್ದು ಎಂದು ಯಜಮಾನರು ಎಲ್ಲರಿಗೂ ಹೇಳುತ್ತಿದ್ದರು.

ಇದನ್ನೂ ಪ್ರದರ್ಶನಕ್ಕೆ ಇಡು, ನಾನು ಯಾರೆಂದು ಮಾತ್ರ ಹೇಳಬೇಡ ಎಂದು ಸ್ಟುಡಿಯೋ ಅಮ್ಮ ಕೊಟ್ಟರು. ಮಗನಿಗೆ ಕೆರೆಯ ಚಿತ್ರಗಳ ವಿಷಯವಷ್ಟೇ ಗೊತ್ತಿತ್ತು, ಅವನು ಪ್ರದರ್ಶನದ ಕಡೆ ತಲೆ ಹಾಕಲಿಲ್ಲ. ಪ್ರಿಂಟಿನ ಕೆಳಗೆ ಯಜಮಾನರ ಹೆಸರು ಬರೆದು, ಪಕ್ಕದಲ್ಲಿ 'ಹೆಸರು ತಿಳಿಯದ ಮಹಿಳೆ' ಎಂದು ಚೀಟಿ ಅಂಟಿಸಿದೆವು. ಸ್ಟುಡಿಯೋ ಅಮ್ಮ ಒಬ್ಬರೇ ಬಸ್ಸು ಹತ್ತಿ ಬಂದರು. ಇಸ್ತ್ರಿ ಮಾಡಿದ ಸೀರೆ, ಹಣೆಯಲ್ಲಿ ವಿಭೂತಿ. ಆ ಚಿತ್ರದ ಮುಂದೆ ನೆಂಟರ ಮನೆಗೆ ಬಂದವರ ಹಾಗೆ ಸಂಕೋಚದಿಂದ ನಿಂತರು. ಪಕ್ಕದಲ್ಲಿ ಯಾರೋ ಇಬ್ಬರು ಗಂಡಸರು ಮಾತಾಡಿಕೊಳ್ಳುತ್ತಿದ್ದರು.

"ನಮ್ಮ ಕಡೆಯೋಳಲ್ಲ ಬಿಡು. ಬೊಂಬಾಯಿಂದ ಕರೆಸಿರಬೇಕು, ದುಡ್ಡು ಕೊಟ್ಟು."

"ಅಲ್ಲದೆ ಮತ್ತೆ? ಮಾನವಂತರು ಹಿಂಗೆ ನಿಲ್ತಾರಾ?"

ಸ್ಟುಡಿಯೋ ಅಮ್ಮ ಅವರ ಕಡೆ ತಿರುಗಿದರು. ನಾನು ಹತ್ತಿರ ಸರಿದೆ. "ಬೆಳಕು ಚೆನ್ನಾಗಿ ಬಿದ್ದೈತೆ ಅಲ್ರೀ?" ಎಂದರು, ಅಷ್ಟೇ.

ಅವರನ್ನು ಬಸ್ಸಿಗೆ ಬಿಡಲು ಹೋದೆ. ದಾರಿಯುದ್ದಕ್ಕೂ ನಕ್ಕರು. "ಬೊಂಬಾಯಿ ಅಂತೆ! ಈ ದಾವಣಗೆರೆ ಜಿಲ್ಲೆ ದಾಟಿದೋಳಲ್ಲ ನಾನು." ನಗುತ್ತಲೇ ಇದ್ದವರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರು ಹಾಗೆ ಅತ್ತದ್ದನ್ನು ನಾನು ಯಜಮಾನರು ಸತ್ತಾಗಲೂ ನೋಡಿರಲಿಲ್ಲ. ಪಕ್ಕದಲ್ಲಿ ಬೆನ್ನು ಸವರುತ್ತಾ ಕೂತೆ.

"ಅವ್ವ, ನಾನಿರೋ ತನಕ ಬೇಡ. ಮಗ ತಲೆ ಎತ್ತಿಕೊಂಡು ತಿರುಗಬೇಕು. ನಾನು ಹೋದ ಮೇಲೆ ಆ ಚೀಟಿ ಕಿತ್ತು ನನ್ನ ಹೆಸರು ಬರಿ. ಬರೀ ಹೆಂಡತಿ ಅಂತ ಬರೀಬೇಡ, ಹೆಸರು ಬರಿ. ಮುಖ ಅಂತೂ ವಾಪಸ್ ಬರಾಕಿಲ್ಲ."

ಬರೆಯುತ್ತೇನೆ ಎಂದು ಅವರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಅವರು ಹೋದದ್ದು ಕಳೆದ ಚಳಿಗಾಲದಲ್ಲಿ. ನ್ಯಾಮತಿಗೆ ಹೋದಾಗ ಗೋಡೆಗೆ ಒರಗಿಸಿ ಕೂರಿಸಿದ್ದರು, ಕೊರಳ ತುಂಬ ಹಾರ. ಮನೆಯ ಮುಂದೆ ಮಗನೇ ಮಾಡಿದ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿತ್ತು. ಅದರಲ್ಲಿ ಅವರ ಮುಖ ಸುಕ್ಕಿಲ್ಲದೆ ನುಣ್ಣಗಿತ್ತು, ಕೆಳಗೆ ಅವರ ಹೆಸರು ದಪ್ಪ ಅಕ್ಷರಗಳಲ್ಲಿ. ನನಗೆ ಅದನ್ನು ನೋಡಲಾಗಲಿಲ್ಲ.

ಸೊಸೆ ನನ್ನನ್ನು ಅಡಿಗೆಮನೆಗೆ ಕರೆದುಕೊಂಡು ಹೋದಳು. ಕಾಯಿಲೆ ಬಿದ್ದಾಗ ಅತ್ತೆ ಅವಳಿಗೆ ಎಲ್ಲವನ್ನೂ ಹೇಳಿದ್ದರಂತೆ.

"ಮೇಡಂ, ನೀವು ಮಾತು ಕೊಟ್ಟೀರಿ ಅಂತ ಗೊತ್ತೈತೆ. ಇವರಿಗೆ ಹೇಳಿಲ್ಲ, ಹೇಳಿದ್ರೆ ಎದೆ ಒಡ್ಕಂತಾರೆ. ಮಗಳಿಗೆ ಹೊನ್ನಾಳಿ ಕಡೆ ಸಂಬಂಧ ಕುದುರೈತೆ. ಮದುವೆ ಒಂದು ಆಗಿಬಿಡ್ಲಿ ರೀ." ಅವಳು ಕಾಲು ಮುಟ್ಟಲು ಬಗ್ಗಿದಳು. ನಾನು ತಡೆದು ಹೂಂ ಎಂದೆ. ಕೆಟ್ಟವಳಲ್ಲ ಅವಳು, ಕೊನೆಯ ದಿನಗಳಲ್ಲಿ ಅತ್ತೆಯ ಮೈ ತೊಳೆದವಳು ಅವಳೇ.

ಮದುವೆ ಆಯಿತು. ನಾನು ಫೋನ್ ಮಾಡಿದೆ. ಹೊಸ ಮನೆ ಮೇಡಂ, ಅವರಿನ್ನೂ ನಮ್ಮನ್ನು ಅರಿತಿಲ್ಲ ಎಂದಳು. ಮೊನ್ನೆ ಮತ್ತೆ ಮಾಡಿದೆ. ಮಗಳು ಬಸುರಿ, ಈ ಹೊತ್ತಿನಲ್ಲಿ ಯಾಕೆ ಎಂದಳು. ನಾಳೆ ಆ ಮಗುವಿಗೆ ಹೆಸರಿಡುತ್ತಾರೆ, ಶಾಲೆಗೆ ಸೇರಿಸುತ್ತಾರೆ, ಅದಕ್ಕೂ ಸಂಬಂಧ ನೋಡುತ್ತಾರೆ. ಕಾರಣಗಳು ಮುಗಿಯುವುದಿಲ್ಲ ಎಂದು ನನಗೂ ಗೊತ್ತಾಗಿದೆ, ಅವಳಿಗೂ ಗೊತ್ತಿದೆ. ಚಿತ್ರ ಈಗ ನಮ್ಮ ಕಾಲೇಜಿನ ಗೋಡೆಯಲ್ಲಿದೆ. ಚೀಟಿ ಹಾಗೆಯೇ ಇದೆ. ಯಾರಿವಳು ಎಂದು ಹುಡುಗಿಯರು ಕೇಳುತ್ತಾರೆ.

ಇದನ್ನು ಬರೆಯಲು ಕೂತಾಗ ಮೊದಲ ಸಾಲಿನಲ್ಲೇ ಅವರ ಹೆಸರನ್ನು ಪೂರ್ತಿಯಾಗಿ ಬರೆದಿದ್ದೆ. ಕೊನೆಯವರೆಗೂ ಅದು ಹಾಗೆಯೇ ಇತ್ತು. ಅಚ್ಚಿಗೆ ಕಳಿಸುವ ಮುಂಚೆ ಇವತ್ತು ಬೆಳಿಗ್ಗೆ ಅದನ್ನು ನಾನೇ ತೆಗೆದುಹಾಕಿದೆ.