ದೊಡ್ಡ ನಂಬರಿನ ಪ್ರೊಸೆಸರ್

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ರಾಣೆಬೆನ್ನೂರಿನ ತನ್ನ ಮನೆಯಲ್ಲಿ ಹೊಸ ಕಂಪ್ಯೂಟರ್ ಇಟ್ಟು ಲಗ್ನಪತ್ರಿಕೆ ಮಾಡಿಕೊಡಲು ಶುರುಮಾಡಿದಳೆಂದು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಕನ್ನಡ ಟೈಪಿಂಗ್ ಅವಳಿಗೆ ಕಲಿಸಿದವಳು ನಾನು! ಬ್ಯಾಡಗಿಯಲ್ಲಿ ಆರು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದವಳೂ ನಾನೇ. ನನ್ನ ಹಳೇ ಮೆಷಿನ್ ಚಾಲೂ ಆಗುವುದರೊಳಗೆ ಒಂದು ಕಪ್ ಚಹಾ ಮಾಡಿ ಕುಡಿದು ಮುಗಿಸಬಹುದಿತ್ತು.

ಮುಂದಿನ ವಾರವೇ ರಾಣೆಬೆನ್ನೂರಿಗೆ ಹೋಗಿ, ಅವಳು ಕಂಪ್ಯೂಟರ್ ಕೊಂಡಿದ್ದ ಅಂಗಡಿಯಲ್ಲೇ ಕುಳಿತೆ. ನನಗೂ ಒಂದು ಜೋಡಿಸಿಕೊಡಲು ಅಂಗಡಿಯವನು ಎರಡು ಅಗ್ಗದ ಪ್ರೊಸೆಸರ್ ಮುಂದಿಟ್ಟ. ಒಂದರ ಡಬ್ಬಿಯ ಮೇಲೆ 2.8 ಗಿಗಾಹರ್ಟ್ಜ್, ಇನ್ನೊಂದರ ಮೇಲೆ 1.8.

"ಅಕ್ಕಾರ, ಬರೇ ನಂಬರ್ ನೋಡಿ ತಗೋಬ್ಯಾಡ್ರಿ. ಈ ಸಣ್ಣ ನಂಬರಿಂದು ಕೆಲಸದಾಗ ಅದಕ್ಕಿಂತ ಏನೂ ಕಡಿಮಿ ಇಲ್ಲ, ರೇಟೂ ಕಡಿಮಿ. ಉಳಿದ ರೊಕ್ಕದಾಗ ರ್‍ಯಾಮ್ ಡಬಲ್ ಹಾಕಿ ಕೊಡ್ತೇನಿ. ನಿಮ್ಮ ನೆಗೆಣ್ಣಿಯಾರೂ ಹಿಂಗ ತಗೊಂಡಾರ."

ಆ ಕೊನೆಯ ಮಾತೊಂದನ್ನು ಅವನು ಆಡದಿದ್ದರೆ ನಾನೂ ಅದನ್ನೇ ಕೊಳ್ಳುತ್ತಿದ್ದೆ.

"ಹಂಗಾರ ನನಗ ದೊಡ್ಡದ ಕೊಡ್ರಿ," ಎಂದೆ.

ರ್‍ಯಾಮ್‌ಗೆ ದುಡ್ಡು ಉಳಿಯಲಿಲ್ಲ. ಹೋಗಲಿ ಬಿಡು, ಅವಳಿಗಿಂತ ಒಂದು ಪೂರ್ತಿ ಗಿಗಾಹರ್ಟ್ಜ್ ಮೇಲಿದ್ದೆನಲ್ಲ!

ಅಷ್ಟರಲ್ಲಿ ಕೊನೆಯ ಮೈದುನನ ಮದುವೆ ಗೊತ್ತಾಯಿತು. ಅತ್ತೆ ನಮ್ಮಿಬ್ಬರಿಗೂ ಬಳಗದ ಹೆಸರಿನ ಒಂದೇ ಪಟ್ಟಿ ಕೊಟ್ಟರು.

"ಇಬ್ಬರೂ ಪತ್ರಿಕಿ ಮಾಡ್ರಿ. ಐತವಾರ ನೋಡಿ, ಚೊಲೋ ಇದ್ದದ್ದನ್ನ ಹಾವೇರಿ ಪ್ರೆಸ್ಸಿಗೆ ಕಳಸೂಣು."

ಊರಿನ ಅರ್ಧ ಮದುವೆಗಳ ಪತ್ರಿಕೆ ಮಾಡಿದವಳು ಸ್ವಂತ ಮನೆಯದರಲ್ಲೇ ಸೋತರೆ ಬಳಗಕ್ಕೆ ಮುಖ ತೋರಿಸುವುದು ಹೇಗೆ?

ಗಣಪತಿಯ ದೊಡ್ಡ ಬಣ್ಣದ ಚಿತ್ರ ಹಾಕಿದೆ, ಸುತ್ತ ಹೂವಿನ ಅಂಚು. ಅಲ್ಲಿಗೆ ರ್‍ಯಾಮ್ ಸಾಲದೆ ಮೆಷಿನ್ ಕೂತುಬಿಟ್ಟಿತು. ಒಂದು ಸಾಲು ಸರಿಸಿದರೆ ಪರದೆಯ ಮೇಲೆ ಚಿತ್ರ ಮತ್ತೆ ಮೂಡುವವರೆಗೆ ಬಾಯಿ ಬಿಟ್ಟುಕೊಂಡು ಕಾಯಬೇಕು. ಅಲ್ಲಿ ಅವಳ ಕೆಲಸ ಸರಸರ ಸಾಗಿರಬೇಕೆಂದು ನೆನೆದಷ್ಟೂ ಹೊಟ್ಟೆ ಉರಿಯಿತು. ಫೈಲ್ ಹಗುರ ಮಾಡುವ ನೆವದಲ್ಲಿ ಹೆಸರು ತೆಗೆಯಲು ಹೊರಟೆ. ಮೊದಲು ತೆಗೆದದ್ದು ನೆಗೆಣ್ಣಿಯ ಹೆಸರು. ಎರಡನೆಯದನ್ನು ತೆಗೆಯಲಿಲ್ಲ. ಭಾರವೆಲ್ಲ ಗಣಪತಿ ಚಿತ್ರದ್ದು, ಹೆಸರಿನದಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು.

ರವಿವಾರ ಅತ್ತೆ ಎರಡೂ ಪ್ರತಿ ಮುಂದಿಟ್ಟುಕೊಂಡು, ಅಕ್ಷರದ ಕೆಳಗೆ ಬೆರಳು ಸರಿಸುತ್ತ ಓದಿದರು. ಅವಳದರಲ್ಲಿ ಗಣಪತಿ ಸಣ್ಣದು, ಸಾಲುಗಳು ಒಪ್ಪವಾಗಿದ್ದವು. ಸೊಸೆಯರ ಸಾಲಿನಲ್ಲಿ ನನ್ನ ಹೆಸರೇ ಮೊದಲು. ನನ್ನದನ್ನು ಅತ್ತೆ ಎರಡು ಸಲ ಓದಿದರು.

"ಯಾಕವಾ, ಅಷ್ಟ ದೊಡ್ಡ ಕಂಪ್ಯೂಟರಿನ್ಯಾಗ ಈಕಿ ಹೆಸರು ಹಿಡಿಸಲಿಲ್ಲೇನ?"

ಉತ್ತರ ಕೊಟ್ಟವಳು ನೆಗೆಣ್ಣಿ.

"ಒಮ್ಮೊಮ್ಮೆ ಹಂಗ ಆಗತೈತ್ರಿ ಅತ್ತ್ಯಾರ. ಸೇವ್ ಮಾಡೂವಾಗ ಒಂದೊಂದು ಸಾಲು ಹಾರಿ ಹೋಗತಾವ. ನಂದೂ ಹೋಗಿತ್ತು."

ಅವಳಿಗೆ ಎಲ್ಲ ತಿಳಿದಿತ್ತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪ್ರೆಸ್ಸಿಗೆ ಹೋದದ್ದು ಅವಳ ಪತ್ರಿಕೆಯೇ. ಅದನ್ನಾದರೂ ನುಂಗಿಕೊಂಡೆ, ಅವಳ ಆ ಒಳ್ಳೆಯತನ ಮಾತ್ರ ನನಗೆ ಇವತ್ತಿಗೂ ಸಹಿಸಲಾಗಿಲ್ಲ.