ರೆಕ್ಕೆಯಿಲ್ಲದ ದಾಯಾದಿ

ಹಬ್ಬಕ್ಕೆ ಮೆಟ್ಟಿಲಿಗೆ ಬಳಿಯಲೆಂದು ಮೊಮ್ಮಗಳು ಬಕೆಟ್ಟಿನಲ್ಲಿ ಕೆಮ್ಮಣ್ಣು ನೆನೆಹಾಕಿದ್ದಳು. ಆ ವಾಸನೆ ನಿಮಗೆ ಹಿತವಾಗಿರಬಹುದು. ನನಗದು ಆಗಿಬರುವುದಿಲ್ಲ. ಯಾಕೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಜಂಬದಲ್ಲಿ ನಾನು ಹಾಸನದ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ಅಲ್ಲಿನ ಮೇಡಂ ಗೋದಾವರಿ ಸೀಮೆಯಿಂದ ಡಬ್ಬಿಯಲ್ಲಿ ಒಂದು ಕೆಂಪು ಮಣ್ಣುಗಲ್ಲು ತಂದಿದ್ದರು. ಅದರಲ್ಲಿ ಕೋಳಿ ಕಾಲಿನಷ್ಟು ಸಣ್ಣ, ಟೊಳ್ಳು ಮೂಳೆ.

"ನೋಡಪ್ಪಾ, ಡೈನೋಸಾರ್ ಕಾಲದ್ದು. ಇದಕ್ಕೆ ರೆಕ್ಕೆ ಇರಲಿಲ್ಲ. ಆದರೂ ಆಗ ಹಾರ್ತಿದ್ದ ಸರೀಸೃಪಗಳಿಗೆ ಇದು ದಾಯಾದಿ ಅನ್ಸುತ್ತೆ. ನೀರು ಮಾತ್ರ ಸೋಕಿಸಬೇಡ," ಎಂದಿದ್ದರು.

ಸ್ಟಾಫ್ ರೂಮಿನಲ್ಲಿ ಒಬ್ಬ ಮೇಷ್ಟ್ರು, "ರೆಕ್ಕೆ ಇಲ್ದಿರೋ ದಾಯಾದಿಗಳು ನಮ್ಮೂರ್ನಲ್ಲೂ ಅವ್ರೆ ಮೇಡಂ, ಬರೀ ಆರಾಡ್ತಾರೆ!" ಎಂದರು. ಟೀ ಕೊಡುತ್ತಿದ್ದ ನಾನೂ ನಕ್ಕೆ.

ಆಯುಧಪೂಜೆ ಬಂತು. ಲ್ಯಾಬಿನ ಸಾಮಾನೆಲ್ಲ ತೊಳೆದು ಕುಂಕುಮ ಇಡುವುದು ನನ್ನ ಕೆಲಸ. ಮೇಡಂ ಮಾತು ನೆನಪಿತ್ತು; ಆದರೂ ಮಣ್ಣು ಮೆತ್ತಿದ್ದನ್ನು ದೇವರ ಮುಂದಿಡುವುದೇ? ಆ ಕಲ್ಲನ್ನೂ ಬಕೆಟ್ಟಿಗೆ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ಕಲ್ಲೇ ಇಲ್ಲ. ಕೆಂಪು ನೀರು, ತಳದಲ್ಲಿ ಕೆಸರು. ಮೂಳೆ ಬೆರಳಿಗೆ ಚೂರುಚೂರಾಗಿ ಸಿಕ್ಕಿತು. ಎಲ್ಲವನ್ನೂ ದಾಸವಾಳದ ಬುಡಕ್ಕೆ ಸುರಿದು, ಡಬ್ಬಿಯಲ್ಲಿ ರಸ್ತೆಯದೊಂದು ಕಲ್ಲಿಟ್ಟೆ.

ಮುಂದಿನ ವಾರ ಮೂಳೆ ನೋಡಲೆಂದೇ ದೂರದಿಂದ ತಜ್ಞರೊಬ್ಬರು ಬಂದರು. ಡಬ್ಬಿ ತೆರೆದವರು, "ಏನ್ರಮ್ಮಾ, ಜಲ್ಲಿಕಲ್ಲು ನೋಡೋಕೆ ಕರೆಸಿದ್ರಾ?" ಎಂದರು.

ಮೇಡಂ ನನ್ನತ್ತ ತಿರುಗಿದರು. "ನಾನು ಕೊಟ್ಟಿದ್ದು ಇದೇನಾಪ್ಪಾ?"

"ಊಂ ಮೇಡಂ, ಇದೇಯ."

ಅಂದಿನಿಂದ ಎಲ್ಲರೂ ಅವರನ್ನು ಬೆನ್ನ ಹಿಂದೆ 'ಜಲ್ಲಿ ಮೇಡಂ' ಎನ್ನತೊಡಗಿದರು. ಅವರು ಆ ಮೂಳೆಯ ಮಾತನ್ನು ಮತ್ತೆ ಎತ್ತಲಿಲ್ಲ. ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಈಗ ನಿವೃತ್ತರಾಗಿ ಹೊಳೆನರಸೀಪುರದಲ್ಲಿದ್ದಾರೆ. ಇಲ್ಲಿಂದ ಒಂದು ಗಂಟೆಯ ಬಸ್ಸು. ನಾನು ಹತ್ತಿದವನಲ್ಲ.

ಮೊನ್ನೆ ಬಿ.ಎಸ್ಸಿ. ಓದುವ ಮೊಮ್ಮಗಳು ಮೊಬೈಲ್ ನೋಡುತ್ತ, "ತಾತ, ಎಲ್ಲೋ ಮೂಳೆ ಸಿಕ್ಕೈತಂತೆ. ರೆಕ್ಕೆ ಇಲ್ದಿರೋ ಪುಟಾಣಿ ಸರೀಸೃಪಗಳೇ ಡೈನೋಸಾರ್ ಕಾಲ್ದಲ್ಲಿ ಆರಾಡ್ತಿದ್ದೋವ್ಕೆ ಅತ್ರದ ನೆಂಟ್ರಂತೆ!" ಎಂದಳು. ಮೇಡಂ ಅಂದು ಹೇಳಿದ್ದೂ ಅದನ್ನೇ. ಇಂದು ಬಕೆಟ್ಟಿನ ಮುಂದೆ ಕುಳಿತು ಅವಳಿಗೆ ಎಲ್ಲ ಹೇಳಿಬಿಟ್ಟೆ.

"ಅವ್ರತ್ರ ಓಗಿ ಏಳು ತಾತ."

"ಏನಂತ ಏಳ್ಲವ್ವಾ?"

"ನೀರಾಕ್ಬುಟ್ಟೆ ಅಂತ ಏಳು. ಸುಳ್ಳೇಳ್ದೆ ಅಂತಾನೂ ಏಳು." ಅವಳು ತಲೆ ಎತ್ತಲಿಲ್ಲ.

ಅಂಗಿ ತೊಟ್ಟು ಹೊರಟೆ. ಕ್ಷಮೆ ಸಿಗುತ್ತದೆಂದಲ್ಲ. ಮೇಡಂ ಮಾತು ನಿಜವಾಯಿತು, ಆದರೆ ಬೇರೆ ಯಾರೋ ಹುಡುಕಿದ ಮೂಳೆಯಿಂದ. ಅದನ್ನು ಯಾವ ಕ್ಷಮೆ ತುಂಬಿಕೊಡುತ್ತದೆ? ಬಸ್ಸಿನಲ್ಲಿ ಕಂಬಿ ಹಿಡಿದಾಗ ನೋಡಿಕೊಂಡೆ: ಮಾತಾಡುತ್ತಲೇ ಬಕೆಟ್ಟಿನ ತಳವನ್ನೆಲ್ಲ ಬೆದಕಿದ್ದ ಕೈಯ ಕೆಮ್ಮಣ್ಣನ್ನು ತೊಳೆದೇ ಇರಲಿಲ್ಲ.